ಮಡಿವಾಳ ಮಾಚಿದೇವರ ಮಡಿಯ ಕಾಯಕ

ಕಲಬುರಗಿಯ ಮಹಾದಾಸೋಹಿ ಶ್ರೀ ಶರಣಬಸವೇಶ್ವರರ ರಥೋತ್ಸವವು ಹೋಳಿಯಾದ ಐದನೆಯ ದಿನಕ್ಕೆ ಜರುಗುವುದೆಂಬುದನ್ನು ಆ ಸೀಮೆಯ ಭಕ್ತರೆಲ್ಲರೂ ಬಲ್ಲರು. ಓಕುಳಿಗೂ ರಥಕ್ಕೂ ನಡುವಣ ಈ ಕೆಲವು ದಿನಗಳಲ್ಲಿ ನಗರದ ಗೃಹಿಣಿಯರಿಗೆ ಒಂದು ಕೆಲಸ ತಪ್ಪದು. ಹೋಳಿಯ ದಿನ ಮಕ್ಕಳು ಎರಚಿದ ಬಣ್ಣ ಬಿಳಿಯ ಧೋತರಕ್ಕೂ ಅಂಗಿಗೂ ಹತ್ತಿರುತ್ತದೆ. ರಥಕ್ಕೆ ಉತ್ತತ್ತಿ ಎಸೆಯಲು ಮನೆಯ ಹಿರಿಯರು ಹೋಗುವುದೂ ಅದೇ ಶುಭ್ರವಸ್ತ್ರದಲ್ಲಿಯೇ. ಆತುರದಿಂದ ಕುದಿನೀರು ಸುರಿದು, ಸೋಡಾ ಹಾಕಿ, ಎಲ್ಲ ಬಟ್ಟೆಗಳನ್ನೂ ಒಂದೇ ತೊಟ್ಟಿಯಲ್ಲಿ ನೆನೆಯಿಟ್ಟರೆ, ತೋಳಿನ ಅಂಚಿನಲ್ಲಿದ್ದ ಗುಲಾಬಿ ಬಣ್ಣ ಇಡೀ ಧೋತರಕ್ಕೆ ಹರಡುವುದು. ಕರೆ ತೆಗೆಯಹೋದವರೇ ಕರೆಯನ್ನು ಬೆಳೆಸಿದಂತಾಗುವುದು.

ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಹೊರಟವರಿಗೆ ದಾರಿಯಲ್ಲಿ ಕಮಲಾಪುರ ದೊರೆಯುವುದು. ಅಲ್ಲಿಯ ಕೆಂಬಾಳೆ ನಾಡಿಗೆಲ್ಲ ಹೆಸರುವಾಸಿಯಾದುದು. ಬಾಳೆಯ ಗೊನೆ ಕಡಿಯುವವರ ಅಂಗಿಯ ಮೇಲೆ ಬೀಳುವ ಸೊನೆ ಮೊದಲು ನೀರಿನಂತೆ ತಿಳಿಯಾಗಿದ್ದು, ಗಾಳಿ ತಾಗಿದಂತೆಲ್ಲ ಕಂದಾಗಿ ಕಪ್ಪಾಗುತ್ತದೆ. ಓಕುಳಿಯ ಬಣ್ಣಕ್ಕಿಂತ ಮೊಂಡಾದ ಕರೆಯಿದು. ಈ ಕಮಲಾಪುರದ ದಾರಿಯೇ ಮುಂದೆ ಹುಮನಾಬಾದನ್ನು ಹಾದು ಬಸವಕಲ್ಯಾಣವನ್ನು ಮುಟ್ಟುವುದು. ಎಂಟುನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಆ ಕಲ್ಯಾಣದಲ್ಲಿ, ಒಂದು ನೀರಿನ ಹೊಂಡದ ದಡದಲ್ಲಿ ನಿಂತು, ಇಂತಹ ಕರೆಗಳನ್ನು ಕಳೆಯುವುದನ್ನೇ ಶಿವಪೂಜೆಯಾಗಿ ನಡೆಸಿದ ಮಹಾನುಭಾವರೇ ವೀರಗಣಾಚಾರಿ ಮಡಿವಾಳ ಮಾಚಿದೇವರು.

ಅವರ ಹುಟ್ಟೂರು ವಿಜಯಪುರ ಜಿಲ್ಲೆಯ ದೇವರ ಹಿಪ್ಪರಗಿ. ಹಿಂದೆ ಸಿಂದಗಿ ತಾಲೂಕಿಗೆ ಸೇರಿದ್ದ ಈ ಊರು ಈಗ ತಾನೇ ಒಂದು ತಾಲೂಕಿನ ಮುಖ್ಯಸ್ಥಳವಾಗಿದೆ. ತಂದೆ ಪರ್ವತಯ್ಯ, ತಾಯಿ ಸುಜ್ಞಾನವ್ವೆ. ಕುಲದಿಂದ ಬಂದ ಕಸುಬು ಬಟ್ಟೆ ಒಗೆಯುವುದು. ಊರಿನ ದೇವರು ಕಲಿದೇವ. ಮುಂದೆ ವಚನಗಳನ್ನು ರಚಿಸಿದಾಗ ಅವರು ಇಟ್ಟುಕೊಂಡ ಅಂಕಿತವೂ ಆ ದೇವರದೇ. ಅವರ ಹೆಸರಿನಲ್ಲಿ ಇಂದು ಸುಮಾರು 350 ವಚನಗಳು ದೊರೆತಿವೆ. ಪುರಾಣಕಾರರು ಅವರನ್ನು ವೀರಭದ್ರನ ಅವತಾರವೆಂದು ಕೊಂಡಾಡಿದ್ದಾರೆ. ತೆಲುಗಿನಲ್ಲಿ ಪಾಲ್ಕುರಿಕೆ ಸೋಮನಾಥನೂ, 1369ರಲ್ಲಿ ಕನ್ನಡ ಬಸವಪುರಾಣವನ್ನು ಮುಗಿಸಿದ ಭೀಮಕವಿಯೂ ಅವರ ಮಹಿಮೆಗಳನ್ನು ವಿಸ್ತಾರವಾಗಿ ಹಾಡಿದ್ದಾರೆ. ಮಹಿಮೆಗಳ ಆ ಬೆಳಕಿನಲ್ಲಿ ಅವರ ದಿನನಿತ್ಯದ ದುಡಿಮೆ ಎಷ್ಟೋ ಸಲ ಮರೆಯಾಗಿಬಿಟ್ಟಿದೆ. ಅದನ್ನು ತಿಳಿಯದೆ ಮಾಚಿದೇವರನ್ನು ತಿಳಿದೆವೆನ್ನುವುದು ಅಷ್ಟು ಸರಿಯಲ್ಲ.

ಮಡಿ ಎಂಬ ನಮ್ಮ ಮಾತಿಗೆ ಮೊದಲ ಅರ್ಥ ಒಗೆದ ಬಟ್ಟೆ. ಆ ಮಡಿಯನ್ನು ಮಾಡುವವನೇ ಮಡಿವಾಳ. ದೇವರ ಮನೆಯಲ್ಲಿಯೂ ಅಡಿಗೆಮನೆಯಲ್ಲಿಯೂ ನಾವು ಆಡುವ ಮಡಿ ಬಂದದ್ದು ಇವನ ಕೈಯಿಂದ. ಆದರೂ ಲೋಕದ ರೂಢಿ ಮಡಿಯನ್ನು ಒಳಗಿಟ್ಟುಕೊಂಡು ಮಡಿವಾಳನನ್ನು ಹೊರಗಿಟ್ಟಿತು. ಇದಕ್ಕಿಂತ ವಿಚಿತ್ರವಾದ ಕೃತಘ್ನತೆ ಬೇರೊಂದು ಇರಲಾರದು.

ಸಾಬೂನು ಬರುವ ಮೊದಲು ನಮ್ಮ ನಾಡಿನ ಮಡಿವಾಳರು ಒಗೆಯುತ್ತಿದ್ದ ಕ್ರಮ ಹೀಗಿದ್ದಿತು. ಹೊಲದ ಮೇಲೆ ಬೆಳ್ಳಗೆ ಉಕ್ಕಿ ನಿಲ್ಲುವ ಸವಳುಮಣ್ಣನ್ನು ಕೆರೆದು ತಂದು ನೀರಿನಲ್ಲಿ ಕದಡುವುದು. ಆ ಮಣ್ಣಿನಲ್ಲಿರುವುದು ಸಂಸ್ಕೃತದಲ್ಲಿ ಸರ್ಜಿಕಾಕ್ಷಾರವೆನಿಸುವ ವಸ್ತು; ಇಂದಿನ ಅಂಗಡಿಯ ಬಟ್ಟೆಸೋಡಾ ಅದೇ ಜಾತಿಯದು. ಆ ನೀರಿನಲ್ಲಿ ಅದ್ದಿದ ಬಟ್ಟೆಗಳನ್ನು ದೊಡ್ಡ ಹರವಿಯ ಬಾಯಿಯ ಮೇಲೆ ಸುತ್ತಿ ಪೇರಿಸಿ, ಕೆಳಗೆ ಬೆಂಕಿಯಿಟ್ಟು, ರಾತ್ರಿಯೆಲ್ಲ ಹಬೆಯಲ್ಲಿ ಬೇಯಿಸುವುದು. ಇದಕ್ಕೆ ಉಬ್ಬೆ ಎಂದು ಹೆಸರು. ಬೆಳಗಾದ ಮೇಲೆ ಕಲ್ಲಿಗೆ ಸೆಳೆದು, ಹರಿಯುವ ನೀರಿನಲ್ಲಿ ಜಾಲಿಸಿ, ಹುಲ್ಲಿನ ಮೇಲೆ ಹರಡುವುದು. ಕ್ಷಾರವು ಜಿಡ್ಡನ್ನು ಬಿಡಿಸಿದರೆ ಬಿಸಿಲು ಉಳಿದ ಬಣ್ಣವನ್ನು ತಿಂದುಹಾಕುವುದು. ರಾತ್ರಿಯ ಬೆಂಕಿ, ನಡುಹಗಲಿನ ಬಿಸಿಲು, ಮೊಣಕಾಲುದ್ದದ ನೀರು, ಇವು ಮೂರರ ನಡುವೆ ಆ ಕಸುಬಿನವರ ಆಯುಷ್ಯ ಕಳೆಯುತ್ತಿದ್ದಿತು.

ಬಸವಣ್ಣನವರ ಕೀರ್ತಿಯನ್ನು ಕೇಳಿ ಮಾಚಿದೇವರು ಹಿಪ್ಪರಗಿಯನ್ನು ಬಿಟ್ಟು ಕಲ್ಯಾಣಕ್ಕೆ ಹೊರಟರು. ಇಂದು ಆ ಊರಿನಿಂದ ಹೊರಟವರು ಸಿಂದಗಿ, ಜೇವರ್ಗಿಗಳನ್ನು ಹಾದು, ಭೀಮೆಯನ್ನು ದಾಟಿ, ಕಲಬುರಗಿ ಕಮಲಾಪುರಗಳ ಮೇಲೆ ಕಲ್ಯಾಣಕ್ಕೆ ಹೋಗುತ್ತಾರೆ. ಕಲ್ಯಾಣದಲ್ಲಿ ಮಾಚಿದೇವರು ತಮ್ಮ ಕಸುಬನ್ನು ಬಿಡಲಿಲ್ಲ. ಶರಣರ ಬಟ್ಟೆಗಳನ್ನು ಒಗೆದು ಮಡಿಮಾಡಿ ಅವರವರ ಮನೆಗೆ ಮುಟ್ಟಿಸುವುದನ್ನು ಕಾಯಕವಾಗಿ ಕೈಕೊಂಡರು. ಕಾಯಕ ಮಾಡದ ಸೋಮಾರಿಗಳ ಬಟ್ಟೆಗಳನ್ನು ಅವರು ಮುಟ್ಟುತ್ತಿರಲಿಲ್ಲವೆಂದು ಹೇಳುತ್ತಾರೆ. ಮಡಿಯ ಗಂಟನ್ನು ತಲೆಯ ಮೇಲೆ ಹೊತ್ತು, ಗಂಟೆ ಬಾರಿಸುತ್ತ, ಕೈಯಲ್ಲಿ ಖಡ್ಗವನ್ನು ಹಿಡಿದು ಬೀದಿಯಲ್ಲಿ ಬರುವರು. ಭವಿಗಳು ಯಾರೂ ಆ ಗಂಟನ್ನು ಮುಟ್ಟಕೂಡದು. ಮುಟ್ಟಿದವನಿಗೆ ಖಡ್ಗವೇ ಉತ್ತರ. ಇದು ಪುರಾಣಗಳು ಕಟ್ಟಿಕೊಡುವ ಚಿತ್ರ.

ಮುಟ್ಟಿದವನನ್ನು ಕೊಂದರೆಂಬ ಕಥೆಯನ್ನು ಕೇಳುವಾಗ ಸದ್ಭಕ್ತರ ಮನಸ್ಸು ಅಳುಕುವುದು ಸಹಜ. ದಯೆಯನ್ನೇ ಧರ್ಮದ ಬೇರೆಂದು ಸಾರಿದ ಬಸವಣ್ಣನವರ ನೆರಳಿನಲ್ಲಿ ಈ ಖಡ್ಗ ಹೇಗೆ ನಿಂತಿತೆಂಬ ಪ್ರಶ್ನೆಯನ್ನು ಮುಚ್ಚಿಡಬೇಕಾಗಿಲ್ಲ. ಪುರಾಣಕಾರರಿಗೆ ಗಣಾಚಾರದ ಉಗ್ರರೂಪವನ್ನು ತೋರಿಸುವುದು ಮುಖ್ಯವಾಗಿದ್ದಿತು; ಅವರು ಅದನ್ನು ಅಂದಿನ ವೀರಕಥೆಗಳ ಬಣ್ಣದಲ್ಲಿಯೇ ತೋರಿಸಿದರು. ಆದರೆ ಆ ಕಥೆಯ ಒಳಗೆ ಬೇರೊಂದು ಸಂಗತಿಯೂ ಅಡಗಿದೆ. ಊರಿನಲ್ಲಿ ಮಡಿವಾಳನು ಬಂದರೆ ಇತರರು ಸರಿದು ನಿಲ್ಲುತ್ತಿದ್ದುದು ಅವನ ಮೈಲಿಗೆ ತಮಗೆ ತಾಗದಿರಲೆಂದು. ಮಾಚಿದೇವರ ಬೀದಿಯಲ್ಲಿ ಅದು ತಿರುಗುಮುರುಗಾಯಿತು. ಇಲ್ಲಿ ದೂರ ನಿಲ್ಲಬೇಕಾದವರು ಧನಿಕರು, ಅಧಿಕಾರಿಗಳು, ಕುಲಜರು. ಮೈಲಿಗೆಯಾಗದಂತೆ ಕಾಪಾಡಿಕೊಂಡದ್ದು ಮಡಿವಾಳನ ಗಂಟು.

ಬಿಜ್ಜಳನ ಪ್ರಸಂಗವನ್ನೂ ಈ ಬೆಳಕಿನಲ್ಲಿಯೇ ನೋಡಬೇಕು. ಕಳಚುರಿ ಬಿಜ್ಜಳನು 1162ರ ಹೊತ್ತಿಗೆ ಚಾಲುಕ್ಯರ ಸಾಮ್ರಾಜ್ಯವನ್ನು ತನ್ನದಾಗಿಸಿಕೊಂಡು ಕಲ್ಯಾಣದಿಂದ ಆಳುತ್ತಿದ್ದನು. ಅರಸನ ಬಟ್ಟೆಯನ್ನು ಒಗೆಯೆನೆಂದು ಮಾಚಿದೇವರು ಖಂಡತುಂಡವಾಗಿ ಹೇಳಿದರು. ಅಂದಿನ ಅಗಸನಿಗೆ ಅರಮನೆಯ ಬಿಟ್ಟಿಯನ್ನು ಅಲ್ಲಗಳೆಯುವುದೆಂದರೆ ಪ್ರಾಣದ ಮೇಲೆ ಆಸೆ ಬಿಟ್ಟಂತೆಯೇ ಸರಿ. ಅರಸನು ಸಿಟ್ಟಾಗಿ ಮದದಾನೆಯನ್ನೂ ಸೈನ್ಯವನ್ನೂ ಕಳುಹಿಸಿದನೆಂದೂ, ಮಾಚಿದೇವರು ಆನೆಯನ್ನು ಕೆಡಹಿದರೆಂದೂ, ಕಡೆಗೆ ಬಿಜ್ಜಳನೇ ತಲೆಬಾಗಿದನೆಂದೂ ಕಥೆ ಬೆಳೆಯುತ್ತದೆ. ಆನೆಯ ವಿಷಯ ಹೇಗೇ ಇರಲಿ. ತನ್ನ ದುಡಿಮೆ ಯಾರಿಗೆ ಸಲ್ಲಬೇಕು, ಯಾರಿಗೆ ಸಲ್ಲಬಾರದು ಎಂಬುದನ್ನು ದುಡಿಯುವವನೇ ನಿರ್ಣಯಿಸಿದನೆಂಬುದು ಆನೆಯನ್ನು ಕೆಡಹುವುದಕ್ಕಿಂತ ಕಡಿಮೆಯ ಪವಾಡವಲ್ಲ.

ಈ ನಿರ್ಣಯಕ್ಕೆ ಕಸುಬಿನ ಕಡೆಯಿಂದಲೂ ಒಂದು ಅರ್ಥ ತೋರುವುದು. ಪುರಾಣದಲ್ಲಿ ಹೇಳದಿದ್ದರೂ ಒಗೆಯುವವರೆಲ್ಲರಿಗೂ ಅದು ಗೊತ್ತು. ಅರಮನೆಯ ಬಟ್ಟೆಯೆಂದರೆ ಬಣ್ಣದ ಬಟ್ಟೆ. ಬಿಳಿಯದರೊಂದಿಗೆ ಬಣ್ಣದ್ದನ್ನು ಒಂದೇ ಉಬ್ಬೆಗೆ ಏರಿಸುವ ಮಡಿವಾಳನಿಲ್ಲ. ನಮ್ಮ ಬಯಲುಸೀಮೆಯಲ್ಲಿ ಬೆಳೆಯುವ ಕುಸುಬೆಯ ಹೂವಿನಿಂದ ತೆಗೆಯುತ್ತಿದ್ದ ಕೆಂಪು ಕ್ಷಾರಕ್ಕೆ ಕರಗಿ ಹರಿಯುವಂತಹುದು. ಸವಳುನೀರು ತಾಗಿದೊಡನೆಯೇ ಅದು ತನ್ನ ಅರಿವೆಯನ್ನು ಬಿಟ್ಟು ನೆರೆಯ ಅರಿವೆಗೆ ಹತ್ತುವುದು. ನೀಲಿಯಾದರೋ ನೀರಿನಲ್ಲಿ ಕರಗದು. ಆದರೆ ಉಜ್ಜಿದರೆ ಪಕ್ಕದ ಬಿಳಿಯ ಬಟ್ಟೆಗೆ ಮೆತ್ತಿಕೊಳ್ಳುವುದು. ಪಟಿಕದ ನೀರಿನಲ್ಲಿ ಅದ್ದಿ ಮಂಜಿಷ್ಠದಲ್ಲಿ ಕುದಿಸಿದ ಕೆಂಪು ಮಾತ್ರ ಗಟ್ಟಿಯಾಗಿ ನಿಲ್ಲುವುದು. ಯಾವ ಬಣ್ಣ ಯಾವ ನೀರಿಗೆ ಜಗ್ಗುವುದೆಂಬ ಈ ಅರಿವೇ ಮಡಿವಾಳನ ವಿದ್ಯೆ. ಬೇರೆಯಾಗಿಡಬೇಕಾದುದನ್ನು ಬೇರೆಯಾಗಿಡದಿದ್ದರೆ ಆಮೇಲೆ ಎಷ್ಟು ಒಗೆದರೂ ವ್ಯರ್ಥ.

ಇಂದಿನ ಗೃಹಸ್ಥರಿಗೂ ಈ ವಿದ್ಯೆ ಬೇಕಾದುದೇ. ಓಕುಳಿಯ ಒಣಬಣ್ಣ ಬಿದ್ದ ಅರಿವೆಯನ್ನು ನೀರಿಗೆ ತೋರಿಸುವ ಮೊದಲು ಚೆನ್ನಾಗಿ ಕೊಡವಬೇಕು. ಆಮೇಲೆ ತಣ್ಣೀರನ್ನು ಒಳಮಗ್ಗುಲಿನಿಂದ ಸುರಿದು, ನೀರು ತಿಳಿಯಾಗುವವರೆಗೂ ಜಾಲಿಸಬೇಕು. ಹೋಳಿಯ ಹಲವು ಬಣ್ಣಗಳಿಗೆ ಬರಿಯ ಹತ್ತಿಯ ನೂಲಿನ ಮೇಲೆ ಹಿಡಿತ ಅಷ್ಟಾಗಿ ಇಲ್ಲ. ಬಿಸಿನೀರು, ಒಣಗುವುದು, ಇಸ್ತ್ರಿ ಇವು ಆ ಹಿಡಿತವನ್ನು ತಂದುಕೊಡುತ್ತವೆ. ಆದುದರಿಂದ ಕರೆ ಪೂರ್ತಿ ಹೋಗುವವರೆಗೆ ಬಟ್ಟೆಯನ್ನು ಒಣಗಲು ಬಿಡಬಾರದು. ಮತ್ತೊಂದು ಬಟ್ಟೆಯ ಬಣ್ಣ ಹತ್ತಿದಾಗಲೂ ಇದೇ ಮಾತು: ಹಸಿಯಿರುವಾಗಲೇ ಬೇರ್ಪಡಿಸಿ ಮತ್ತೆ ತೊಳೆದರೆ ಅರ್ಧ ಗೆದ್ದಂತೆ. ಅರಿಸಿನದ ಕಲೆಗೆ ಸಾಬೂನು ತಾಗಿದೊಡನೆ ಅದು ರಕ್ತದಂತೆ ಕೆಂಪಾಗುವುದನ್ನು ಕಂಡು ಹೆದರುವವರಿದ್ದಾರೆ. ಅದು ಕ್ಷಾರದ ಗುಣ. ಜಾಲಿಸಿ, ಬಿಸಿಲಿಗೆ ಹರಡಿದರೆ ಸೂರ್ಯನೇ ಅದನ್ನು ಅಳಿಸುವನು. ಅರಿಸಿನದಷ್ಟು ಬಿಸಿಲಿಗೆ ಸೋಲುವ ಬಣ್ಣ ಮತ್ತೊಂದಿಲ್ಲ. ತಾಂಬೂಲದ ಕೆಂಪು ಸುಣ್ಣದಿಂದ ಹುಟ್ಟಿದ್ದಾದುದರಿಂದ ಅದಕ್ಕೆ ಸೋಡಾ ಹಾಕಿದರೆ ಉರಿಯುವ ಬೆಂಕಿಗೆ ತುಪ್ಪ ಎರೆದಂತೆ. ಮೊದಲು ನಿಂಬೆಯ ರಸ ಇಲ್ಲವೆ ಹುಳಿಮಜ್ಜಿಗೆ ಹಚ್ಚಿ, ಆಮೇಲೆ ಸಾಬೂನು. ಮಠದ ಕಾವಿಯ ಕಲೆಯೋ ಬೇರೆ ಜಾತಿಯದು. ಕಾವಿಯೆಂದರೆ ಕೆಮ್ಮಣ್ಣು, ಅದು ಕರಗುವ ಬಣ್ಣವಲ್ಲ. ಒಣಗಿಸಿ ಕೊಡವಿ, ಸಾಬೂನು ಹಚ್ಚಿ ಕಲ್ಲಿಗೆ ಸೆಳೆಯುವುದೇ ಅದಕ್ಕೆ ಉಪಾಯ.

ಕಮಲಾಪುರದ ಬಾಳೆಯ ಸೊನೆಯ ವಿಷಯವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಸೊನೆಯಲ್ಲಿ ಅಡಿಕೆಯಲ್ಲಿರುವಂತಹ ಒಗರು ಇದೆ. ಹಿಂದಿನ ಬಣ್ಣಗಾರರು ಬಟ್ಟೆಗೆ ಬಣ್ಣ ಕಟ್ಟುವ ಮೊದಲು ಅಳಲೆಕಾಯಿಯ ಕಷಾಯದಲ್ಲಿ ಅದ್ದುತ್ತಿದ್ದರು. ಒಗರು ತಾಗಿದ ನೂಲು ಬಣ್ಣವನ್ನು ಬಿಗಿಹಿಡಿಯುವುದೆಂಬುದೇ ಅದಕ್ಕೆ ಕಾರಣ. ಸೊನೆ ಬಿದ್ದು ಒಣಗಿದ ಅಂಗಿಯನ್ನು ತೊಟ್ಟು ಹೋಳಿಯಾಡಿದರೆ, ಉಳಿದ ಕಡೆ ನೀರಿಗೆ ಹೋಗುವ ಬಣ್ಣ ಸೊನೆಯ ಜಾಗದಲ್ಲಿ ಹೋಗದಿರುವುದು ಇದರಿಂದಲೇ. ಸೊನೆ ಬಿದ್ದ ಗಳಿಗೆಯಲ್ಲಿಯೇ ತಣ್ಣೀರಿನಲ್ಲಿ ತೊಳೆದವರಿಗೆ ಈ ತೊಂದರೆ ಬಾರದು. ಕಪ್ಪಾದ ಮೇಲೆ ನಿಂಬೆಯ ಹುಳಿಯೂ ಬಿಸಿಲೂ ಅದನ್ನು ಮಾಸಲುಮಾಡಿಯಾವೇ ಹೊರತು, ಪೂರ್ತಿ ತೆಗೆಯುವುದು ದುಸ್ತರ.

ಇನ್ನು ಮಾಚಿದೇವರ ಕಡೆಗೆ ಮರಳೋಣ. ಬಿಜ್ಜಳನ ಮುಂದೆ ಬಾಗದ ಅವರು ಬಸವಣ್ಣನವರನ್ನೂ ತಿದ್ದಿದರೆಂದು ಪುರಾಣ ಹೇಳುತ್ತದೆ. ಮಹಾಮನೆಯಲ್ಲಿ ನಿತ್ಯವೂ ಸಾವಿರಾರು ಜಂಗಮರಿಗೆ ದಾಸೋಹ ನಡೆಯುತ್ತಿರಲು, ಬೇಡಿದವರಿಗೆ ಬೇಡಿದುದನ್ನು ಕೊಡುವವನು ತಾನೆಂಬ ಒಂದು ತೆಳುವಾದ ಭಾವ ಬಸವಣ್ಣನವರ ಮನಸ್ಸಿನಲ್ಲಿ ಸುಳಿಯಿತಂತೆ. ಅದನ್ನು ಅರಿತ ಮಾಚಿದೇವರು ಏನನ್ನೂ ವಾದಿಸಲಿಲ್ಲ. ಒಗೆಯುವ ನೀರಿನಲ್ಲಿ ನಿಂತಂತೆಯೇ ನೀರನ್ನು ಚಿಮ್ಮಿದರು. ಸಿಡಿದ ಹನಿಗಳೆಲ್ಲ ಮುತ್ತುರತ್ನಗಳಾಗಿ ಬಿದ್ದುವು. ಮಡಿವಾಳನ ಹೊಂಡದಲ್ಲಿ ಇಷ್ಟಿರುವಾಗ ಕೊಡುವೆನೆಂಬ ಹೆಮ್ಮೆಗೆ ಎಡೆಯೆಲ್ಲಿ? ಬಸವಣ್ಣನವರು ನಾಚಿ ನಮಿಸಿದರು. ಮಹಾಪುರುಷರಲ್ಲಿಯೂ ಇಂತಹ ಭಾವ ಸುಳಿದೀತೆಂದು ಹೇಳಲು ಪುರಾಣಕಾರರು ಹಿಂಜರಿಯಲಿಲ್ಲ. ಇಂದಿನ ಚರಿತ್ರಕಾರರಾಗಿದ್ದರೆ ಆ ಭಾಗವನ್ನು ಬಿಟ್ಟೇಬಿಡುತ್ತಿದ್ದರೋ ಏನೋ.

ಶೂನ್ಯಸಂಪಾದನೆಯಲ್ಲಿ ಬರುವ ನುಲಿಯ ಚಂದಯ್ಯನವರ ಪ್ರಸಂಗ ಇದಕ್ಕಿಂತಲೂ ಸೂಕ್ಷ್ಮವಾದುದು. ಹಗ್ಗ ಹೊಸೆದು ಮಾರಿ ದಾಸೋಹ ನಡೆಸುತ್ತಿದ್ದ ಚಂದಯ್ಯನವರು ಒಂದು ದಿನ ಕೆರೆಯಲ್ಲಿ ಹುಲ್ಲು ಕೊಯ್ಯುತ್ತಿದ್ದಾಗ ಅವರ ಇಷ್ಟಲಿಂಗ ಜಾರಿ ನೀರಿಗೆ ಬಿದ್ದಿತು. ತನ್ನನ್ನು ಬಿಟ್ಟುಹೋದ ಲಿಂಗದ ಹಂಗು ತನಗೇಕೆಂದು ಅವರು ಹುಲ್ಲಿನ ಹೊರೆಯನ್ನು ಹೊತ್ತು ನಡೆದೇಬಿಟ್ಟರು. ಲಿಂಗವೇ ಬೆನ್ನುಹತ್ತಿ ಬಂದರೂ ಒಪ್ಪಲಿಲ್ಲ. ಆಗ ಅವರ ಬಳಿಗೆ ಬಂದು ತಿಳಿಹೇಳಿದವರು ಮಾಚಿದೇವರು. ಕಾಯಕದ ಬಲವೊಂದಿದ್ದರೆ ಸಾಕು, ಲಿಂಗ ಬೇಡವೆನ್ನುವ ನಿಲುವಿನಲ್ಲಿರುವ ತಪ್ಪನ್ನು ಅವರು ಮೃದುವಾಗಿಯೂ ಬಿಡದೆಯೂ ಎತ್ತಿ ತೋರಿಸಿದರು. ಕಾಯಕನಿಷ್ಠೆಯಲ್ಲಿ ಚಂದಯ್ಯನವರಿಗೆ ಸರಿದೊರೆಯಾದವರು ಹೇಳಿದ್ದರಿಂದ ಆ ಮಾತು ನಾಟಿತು. ಬರಿಯ ಪಂಡಿತನೊಬ್ಬನು ಅದನ್ನೇ ಹೇಳಿದ್ದರೆ ಚಂದಯ್ಯನವರು ಹೊರೆಯನ್ನು ಇಳಿಸುತ್ತಿದ್ದರೆಂದು ತೋರುವುದಿಲ್ಲ. ಇಲ್ಲಿ ಮಾಚಿದೇವರ ಕೈಯಲ್ಲಿ ಖಡ್ಗವಿಲ್ಲ. ಬಟ್ಟೆ ಹರಿಯದಂತೆ ಕರೆಯನ್ನಷ್ಟೇ ತೆಗೆಯುವ ಹದವಿದೆ.

ಆ ಹದ ತಪ್ಪುವುದು ಈಗ ಹೆಚ್ಚು ಸುಲಭವಾಗಿದೆ. 1785ರಲ್ಲಿ ಫ್ರಾನ್ಸಿನ ಬರ್ತೊಲೆ ಎಂಬ ರಸಾಯನಜ್ಞನು ಕ್ಲೋರಿನ್ ಅನಿಲದಿಂದ ಬಟ್ಟೆಯನ್ನು ಬಿಳುಪುಮಾಡಬಹುದೆಂದು ತೋರಿಸಿದನು. 1799ರಲ್ಲಿ ಸ್ಕಾಟ್ಲೆಂಡಿನ ಟೆನಂಟ್ ಎಂಬವನು ಅದನ್ನು ಸುಣ್ಣಕ್ಕೆ ಕೂಡಿಸಿ ಬ್ಲೀಚಿಂಗ್ ಪುಡಿಯಾಗಿ ಮಾರಾಟಕ್ಕೆ ತಂದನು. ವಾರಗಟ್ಟಲೆ ಹುಲ್ಲಿನ ಮೇಲೆ ಹರಡಿ ಬಿಸಿಲು ಕಾಯಿಸುತ್ತಿದ್ದ ಕೆಲಸ ಅಂದಿನಿಂದ ಕೆಲವೇ ಗಂಟೆಗಳದಾಯಿತು. ಆದರೆ ಆ ಪುಡಿಗೆ ಕರೆ ಯಾವುದು, ನೂಲು ಯಾವುದು ಎಂಬ ವಿವೇಕವಿಲ್ಲ. ಹತ್ತಿಯ ಬಿಳಿಯ ಬಟ್ಟೆಗೆ, ಒಂದು ಬಿಂದಿಗೆ ತಣ್ಣೀರಿಗೆ ಚಹದ ಚಮಚೆಯಷ್ಟು ಹಾಕಿ ಕದಡಿ, ಗಸಿ ನಿಂತ ಮೇಲೆ ಮೇಲಣ ತಿಳಿನೀರನ್ನಷ್ಟೇ ಬಳಸಿ, ಐದು ಹತ್ತು ನಿಮಿಷಗಳಲ್ಲಿ ಹೊರತೆಗೆದು ಹಲವು ಸಲ ಜಾಲಿಸಿದರೆ ಬಾಧಕವಿಲ್ಲ. ರಾತ್ರಿಯೆಲ್ಲ ನೆನೆಯಿಟ್ಟರೆ ಕರೆಯೊಂದಿಗೆ ಧೋತರವೂ ಹೋಗುವುದು. ರೇಷ್ಮೆಗೂ ಉಣ್ಣೆಗೂ ಅದನ್ನು ಸೋಂಕಿಸಲೇಬಾರದು. ನಿಂಬೆಹುಳಿಯನ್ನಾಗಲಿ ಬೇರಾವ ಆಮ್ಲವನ್ನಾಗಲಿ ಅದರೊಂದಿಗೆ ಬೆರೆಸಿದರೆ ವಿಷವಾಯು ಏಳುವುದು. ಮುಚ್ಚಿದ ಬಚ್ಚಲುಮನೆಯಲ್ಲಿ ಅದರಿಂದ ಪ್ರಾಣಕ್ಕೇ ಅಪಾಯ. ಮತ್ತೊಂದು ಬಟ್ಟೆಯಿಂದ ಹತ್ತಿದ ಬಣ್ಣಕ್ಕೆ ಲಾಂಡ್ರಿಯವರು ಹೈಡ್ರೋಸ್ ಎಂಬ ಬೇರೊಂದು ಬಿಳಿಯ ಪುಡಿಯನ್ನು ಬಿಸಿನೀರಿನಲ್ಲಿ ಬಳಸುತ್ತಾರೆ. ಆ ಕೆಲಸವನ್ನು ಬಲ್ಲವರ ಕೈಗೆ ಬಿಡುವುದು ಲೇಸು. ಇನ್ನು ಬಟ್ಟೆಗೆ ಹಾಕುವ ನೀಲಿ ಕರೆಯನ್ನು ತೆಗೆಯುವುದಿಲ್ಲ. ಹಳದಿಯನ್ನು ಕಣ್ಣಿಗೆ ಮರೆಮಾಡುವುದು, ಅಷ್ಟೆ.

ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಮದುವೆಯಾದುದು, ಅದಕ್ಕಾಗಿ ಆ ಇಬ್ಬರು ಶರಣರಿಗೆ ಬಿಜ್ಜಳನು ಘೋರಶಿಕ್ಷೆ ವಿಧಿಸಿದುದು, 1167ರ ಸುಮಾರಿಗೆ ಬಿಜ್ಜಳನೇ ಹತನಾದುದು, ಇವೆಲ್ಲ ವಾಚಕರಿಗೆ ತಿಳಿದ ಕಥೆ. ಕಲ್ಯಾಣದಲ್ಲಿ ಶರಣರಿಗೆ ನೆಲೆ ಇಲ್ಲದಾಯಿತು. ಚನ್ನಬಸವಣ್ಣನವರೂ ಅಕ್ಕನಾಗಮ್ಮನವರೂ ಒಂದು ತಂಡದೊಡನೆ ಪಡುವಣದ ಕಾಡಿನ ಉಳವಿಯ ಕಡೆಗೆ ಹೊರಟರು. ವಚನದ ಓಲೆಗಳ ಕಟ್ಟುಗಳು ಅವರೊಡನಿದ್ದುವು. ಬೆನ್ನಟ್ಟಿ ಬಂದ ಸೈನ್ಯಕ್ಕೆ ಅಡ್ಡನಿಂತು ಆ ತಂಡವನ್ನೂ ಆ ಕಟ್ಟುಗಳನ್ನೂ ಕಾಯುತ್ತ ನಡೆದವರು ಮಾಚಿದೇವರೆಂದು ಶರಣಪರಂಪರೆ ನೆನೆಯುತ್ತದೆ. ಮಡಿಯ ಗಂಟನ್ನು ಯಾರೂ ಮುಟ್ಟದಂತೆ ಬೀದಿಯಲ್ಲಿ ಕಾಯ್ದವರ ಹೆಗಲಿಗೆ ಓಲೆಯ ಗಂಟು ಬಂದಿತು. ಅಂದು ಆ ಕಟ್ಟುಗಳು ಶತ್ರುಗಳ ಕೈಸೇರಿ ಸುಟ್ಟುಹೋಗಿದ್ದರೆ ಇಂದು ಮನೆಮನೆಯಲ್ಲಿ ಓದುವ ವಚನಗಳಲ್ಲಿ ಎಷ್ಟು ಉಳಿಯುತ್ತಿದ್ದುವು?

ಕಲ್ಯಾಣದ ತಮ್ಮ ಹೊಂಡಕ್ಕೆ ಅವರು ಮರಳಲಿಲ್ಲ. ಬಸವಕಲ್ಯಾಣದಲ್ಲಿ ತ್ರಿಪುರಾಂತದ ಕೆರೆ, ಅಕ್ಕನಾಗಮ್ಮನವರ ಗವಿ, ನುಲಿಯ ಚಂದಯ್ಯನವರ ಗವಿ ಮುಂತಾದ ಸ್ಥಳಗಳೊಡನೆ ಮಡಿವಾಳ ಮಾಚಿದೇವರ ಹೊಂಡವನ್ನೂ ಇಂದಿಗೂ ಯಾತ್ರಿಕರಿಗೆ ತೋರಿಸುತ್ತಾರೆ. ಪ್ರತಿವರ್ಷ ಫೆಬ್ರುವರಿ 1ರಂದು ನಾಡಿನಲ್ಲೆಲ್ಲ ಅವರ ಜಯಂತಿ ನಡೆಯುವುದು. ಹೋಳಿ ಬರುವುದು ಅದಾದ ಮೇಲೆ. ಕಲಬುರಗಿಯಿಂದ ಹೊರಟು, ಕಮಲಾಪುರದಲ್ಲಿ ಒಂದು ಚಿಪ್ಪು ಕೆಂಬಾಳೆಯನ್ನು ಕಟ್ಟಿಸಿಕೊಂಡು, ಆ ಹೊಂಡವನ್ನು ಕಂಡು ಸಂಜೆಯೊಳಗೆ ಮನೆಗೆ ಹಿಂದಿರುಗಬಹುದು.